ನುಡಿ ಫೈಲು ತೆರೆದರೆ ಬರೀ ಕಲಸುಮೇಲೋಗರ: ಫಾಂಟ್, ಕನ್ವರ್ಟರ್, ಓಸಿಆರ್ ಮೂರನ್ನೂ ಮಾಡಿ ನೋಡಿದೆ

ಅಪ್ಪಯ್ಯ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದವರು. ಕರ್ಣ, ವಾಲಿ, ಭೀಷ್ಮ ಈ ಪಾತ್ರಗಳಿಗೆ ತಾವು ಮಾಡಿಕೊಂಡ ಟಿಪ್ಪಣಿಯನ್ನೆಲ್ಲ 2006ರಿಂದ ನಾಲ್ಕೈದು ವರ್ಷ ಉಡುಪಿಯ ಮನೆಯಲ್ಲೇ ಕೂತು, ಒಂದೊಂದೇ ಬೆರಳಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಈ ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಕೂತಿದ್ದಾಗ "ಆ ಕರ್ಣನದ್ದೊಂದು ತೆಗೆದು ಕೊಡು ಮಗ, ಓದ್ಬೇಕು" ಅಂದರು. ಹೊಸ ಕಂಪ್ಯೂಟರಿನಲ್ಲಿ, ವಿಂಡೋಸ್ 11ರಲ್ಲಿ, ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ರಿಪೇರಿ ಅಂಗಡಿಯಲ್ಲಿ ಫೈಲೇ ಹಾಳಾಗಿದೆ, ಬಿಟ್ಟುಬಿಡಿ ಅಂದರು. ಫೈಲು ಹಾಳಾಗಿರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ, ಇಂಥ ಫೈಲು ಎಷ್ಟು ಮನೆಗಳಲ್ಲಿ ಇದೆಯೋ ಏನೋ.

ಮೊದಲು ಕಲಸುಮೇಲೋಗರ ಯಾವ ಥರದ್ದು ಅಂತ ಕಣ್ಣಿಟ್ಟು ನೋಡಿ. ಇಂಗ್ಲಿಷ್ ಅಕ್ಷರಗಳ ನಡುವೆ ತಲೆ ಮೇಲೆ ಓರೆಗೆರೆ ಇರುವ ದೊಡ್ಡ ಎ ಮತ್ತೆ ಮತ್ತೆ ಬರುತ್ತಿದ್ದರೆ ಅದು ಹಳೇ ನುಡಿಯ ಅಥವಾ 'ಬರಹ' ಅನ್ನುವ ಅಂಥದ್ದೇ ತಂತ್ರಾಂಶದ ಫೈಲು. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದವು, 'ಕ' ಅಂದರೆ ಒಂದು ಮೈ, ಒಂದು ತಲೆಕಟ್ಟು. ಆ ತಲೆಕಟ್ಟೇ ಈ ದೊಡ್ಡ ಎ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಡಿಯ ಇಂಗ್ಲಿಷ್ ಎದ್ದು ಕಾಣುತ್ತದೆ, ಅಷ್ಟೇ. ವರ್ಡಿನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಫಾಂಟ್ ಹೆಸರಿನ ಜಾಗದಲ್ಲಿ 'ನುಡಿ 01 ಇ' ಅಂತ ಇನ್ನೂ ಇರುತ್ತದೆ.

ಸಣ್ಣ ಎ ಮೇಲೆ ಓರೆಗೆರೆ, ಪಕ್ಕದಲ್ಲಿ ಮೇಲಕ್ಕೇರಿದ 2 ಅಥವಾ 3 ಕಂಡರೆ ಕಥೆ ಬೇರೆ. ಅದು ಸರಿಯಾದ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಈಗಿನ ಪದ್ಧತಿ), ತಪ್ಪಾಗಿ ಓದಿಸಿಕೊಂಡಿದೆ. ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಅಕ್ಷರಕ್ಕೆ 3 ಬೈಟು, ಆ ಮೂರನ್ನು ಮೂರು ಅಕ್ಷರ ಅಂತ ತೋರಿಸುತ್ತಿದೆ. ತಂಗಿ ಕಳಿಸಿದ ಸಿಎಸ್‌ವಿ ಪಟ್ಟಿ ಎಕ್ಸೆಲ್‌ನಲ್ಲಿ ಹೀಗೇ ಆಗಿತ್ತು, ಡೇಟಾ ಮೆನುವಿನಿಂದ ತಂದು 65001 ಯುಟಿಎಫ್-8 ಆರಿಸಿದ ತಕ್ಷಣ ಸರಿಯಾಯಿತು. ಬರೀ ಪ್ರಶ್ನೆ ಚಿಹ್ನೆಗಳ ಸಾಲು ಸೇವ್ ಆಗಿದ್ದರೆ ಮಾತ್ರ ಅಕ್ಷರ ಹೋದ ಹಾಗೆಯೇ, ಬೇರೆ ಪ್ರತಿ ಹುಡುಕಬೇಕು.

ಇನ್ನು ಅಪ್ಪಯ್ಯನ ಫೈಲಿಗೆ ಮಾಡಿದ್ದು. ಮೊದಲು ನುಡಿ ಫಾಂಟುಗಳನ್ನು ಹಾಕಿದೆ. ಐದು ನಿಮಿಷದ ಕೆಲಸ, ವರ್ಡ್ ಮುಚ್ಚಿ ತೆರೆದರೆ ಅಪ್ಪಯ್ಯ ಬರೆದದ್ದು ಬರೆದ ಹಾಗೆ, ಪುಟ ಕೂಡ ಹಾಗೇ ಬಂತು. ಅವತ್ತೇ ರಾತ್ರಿ ಓದಬೇಕು, ಪ್ರಿಂಟ್ ತೆಗೆಯಬೇಕು ಅಂದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಎರಡು ಸಾಲು ನಕಲು ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೆ ಮತ್ತೆ ಅದೇ ಗೋಜಲು. 'ಕರ್ಣ' ಅಂತ ಯೂನಿಕೋಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಣುವುದು ಕನ್ನಡ, ಒಳಗಿರುವುದು ಇನ್ನೂ ಇಂಗ್ಲಿಷೇ ಅಲ್ವಾ.

ಆಮೇಲೆ ಕನ್ವರ್ಟರ್, ಅಂದರೆ ಹಳೇ ಫಾಂಟಿನ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಸಾಧನ. ಇದಕ್ಕೆ ಎರಡು ದಿನ ಹಿಡಿಯಿತು. ಮೊದಲು ಸುಮ್ನೆ ಇಡೀ ಫೈಲನ್ನು ಒಂದು ಆನ್‌ಲೈನ್ ಕನ್ವರ್ಟರಿಗೆ ಸುರಿದೆ. ಮುಕ್ಕಾಲು ಪಾಲು ಚೆನ್ನಾಗಿ ಬಂತು, ಆದರೆ ಅರ್ಕಾವೊತ್ತು ಕೈಕೊಟ್ಟಿತು. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಚೆ ಬದಿಗೆ ಕೂರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಅದನ್ನು ಎತ್ತಿ ಹಿಂದಕ್ಕೆ ತರದ ಕನ್ವರ್ಟರಿನಲ್ಲಿ ಕರ್ಣ ಹೋಗಿ 'ಕಣರ್' ಆಗಿದ್ದ, ಅರ್ಜುನನ ಗತಿಯೂ ಅದೇ. ತಾಳಮದ್ದಳೆಯ ಟಿಪ್ಪಣಿಯಲ್ಲಿ 'ಅರ್ಥ' ಅನ್ನುವ ಪದವೇ ಸರಿ ಇಲ್ಲದಿದ್ದರೆ ಇನ್ನೇನು ಉಳಿಯಿತು? ಬೇರೊಂದು ಕನ್ವರ್ಟರ್ ಇದನ್ನು ಸರಿಯಾಗಿ ಮಾಡಿತು. ಹಾಗಾಗಿ ಮೊದಲು ಅರ್ಕಾವೊತ್ತು ಇರುವ ಒಂದು ಸಾಲು ಹಾಕಿ ಪರೀಕ್ಷೆ ಮಾಡಿ, ಆಮೇಲೆ ಫೈಲು ಕೊಡಿ. ಇನ್ನೊಂದು ತೊಂದರೆ, ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ವರ್ಡಿನ ಅಡ್ವಾನ್ಸ್ಡ್ ಫೈಂಡ್‌ನಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಿ, ನುಡಿ ಅಲ್ಲದ ಭಾಗಗಳಿಗೆ ಮೊದಲೇ ಬಣ್ಣ ಹಾಕಿಕೊಂಡೆ, ಅವನ್ನು ಬಿಟ್ಟು ಉಳಿದದ್ದನ್ನು ಒಂದೊಂದೇ ಪುಟ ಕೊಟ್ಟೆ. ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಮಾಡಿದ ಫೈಲಾದರೆ ನುಡಿಯ ಕನ್ವರ್ಟರ್ ಆಗುವುದಿಲ್ಲ, ಅದರ ಜೋಡಣೆಯೇ ಬೇರೆ.

ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವುದು, ನೋಡಿದ್ದು ವಾಲಿಯ ಟಿಪ್ಪಣಿಗೆ. ಅದರ ಸಿಡಿಗೆ ಬೂಸ್ಟು ಹಿಡಿದು ಓದಲೇ ಇಲ್ಲ, ಪ್ರಿಂಟ್ ಮಾತ್ರ ಇತ್ತು. ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತದೆ. ಥ, ಧ ಅದಲುಬದಲು ಜಾಸ್ತಿ, 'ಅರ್ಥ' ಹಲವು ಕಡೆ 'ಅರ್ಧ' ಆಗಿತ್ತು. ಫೈಲು ಇದ್ದರೆ ಈ ದಾರಿ ಬೇಡ.

ನನ್ನ ಆಯ್ಕೆ ಕನ್ವರ್ಟರೇ, ಎರಡು ದಿನ ಹೋದರೂ ಸರಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಸಂಶಯ ಬಂದ ಕಡೆ ಫಾಂಟ್ ಹಾಕಿ ಅದನ್ನೇ ನೋಡಬೇಕು.

ಅಪ್ಪಯ್ಯನಿಗೆ ಹೊಸದಾಗಿ ಕಲಿಯುವುದೂ ಏನಿರಲಿಲ್ಲ. ನುಡಿಯ ಕೀಲಿಮಣೆಗೆ ಮೂಲ ನಮ್ಮದೇ ಕರಾವಳಿಯ ಕೆ.ಪಿ. ರಾವ್ ಅವರ ವಿನ್ಯಾಸ, ಯೂನಿಕೋಡಿಗೂ ಅದೇ ನಡೆಯುತ್ತದೆ, ಎಫ್ ಒತ್ತಿದರೆ ಒತ್ತಕ್ಷರ. ನಿನ್ನೆ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಕರ್ಣನ ಪೀಠಿಕೆ ಓದುತ್ತ ಓದುತ್ತ ಎರಡು ಕಡೆ ನಿಲ್ಲಿಸಿ, ಇದು ಕನ್ವರ್ಟರಿನ ತಪ್ಪಲ್ಲ, ಆವಾಗ ನಾನೇ ತಪ್ಪು ಬರೆದದ್ದು ಅಂತ ಹೇಳಿ, ತಾವೇ ಕೀಲಿಮಣೆ ಎಳೆದುಕೊಂಡು ತಿದ್ದಿದರು.