ಚಿನ್ನದ ಸ್ಕೀಮ್‌ಗೆ ದುಡ್ಡು ಕಟ್ಟುತ್ತಿರುವವರು ದಯವಿಟ್ಟು ಓದಿ: "ವೇಸ್ಟೇಜ್ ಇಲ್ಲ" ಅನ್ನೋ ಮಾತನ್ನು ನಂಬಬೇಡಿ

11 ಕಂತು ಕಟ್ಟಿ, ಆಮೇಲೆ ವೇಸ್ಟೇಜ್ ಇಲ್ಲದೆ ಒಡವೆ ತಗೊಳ್ಳಿ. ಸ್ಕೀಮ್‌ಗೆ ಸೇರಿಸಿಕೊಳ್ಳುವಾಗ ಅಂಗಡಿಯವರು ಹೇಳಿದ್ದು ಇಷ್ಟೇ. (ವೇಸ್ಟೇಜ್ ಅಂದರೆ ಒಡವೆ ಮಾಡುವಾಗ ಹಾಳಾಗುವ ಚಿನ್ನಕ್ಕೆ ಅಂತ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಹಾಕುವ ದುಡ್ಡು.) ಎಷ್ಟು ಶೇಕಡಾವರೆಗೆ ಇಲ್ಲ, ಯಾವ ಡಿಸೈನ್‌ಗೆ ಇಲ್ಲ, ಒಂದು ಮಾತೂ ಹೇಳಲಿಲ್ಲ. ಷರತ್ತು ಇದ್ದದ್ದು ಪಾಸ್‌ಬುಕ್‌ನ ಹಿಂದಿನ ಪುಟದಲ್ಲಿ, ಇಂಗ್ಲಿಷ್‌ನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: 14% ವೇಸ್ಟೇಜ್‌ವರೆಗೆ ಮಾತ್ರ ಉಚಿತ.

ಈಗ ಬಿಲ್ಲಿನ ಕಥೆ. ಹರಳಿನ ನೆಕ್ಲೇಸ್, ಗ್ರಾಸ್ ತೂಕ 8 ಗ್ರಾಂ. ಅದರಲ್ಲಿ ಹರಳೇ 0.6 ಗ್ರಾಂ, ಅಂದರೆ ಚಿನ್ನ 7.4 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ರೂಪಾಯಿ ಹಿಡಿಯುತ್ತೇನೆ. ವೇಸ್ಟೇಜ್ ಇಲ್ಲ ಅಂದಮೇಲೆ ಚಿನ್ನಕ್ಕೆ ಆಗಬೇಕಾದ್ದು 74,000. ಬಿಲ್ಲಿನಲ್ಲಿ ಬಂದದ್ದು 88,000! ಆ ಡಿಸೈನ್‌ಗೆ ವೇಸ್ಟೇಜ್ 24% ಅಂತೆ. 14% ಕಳೆದು ಉಳಿದ 10% ಹಾಕಿದರು. ಅದನ್ನೂ ಹರಳು ಸೇರಿದ 8 ಗ್ರಾಂ ಮೇಲೆ! ಹರಳನ್ನು ಚಿನ್ನದ ರೇಟಿಗೆ ತೂಗಿದ್ದು ಸಾಲದು ಅಂತ ಕೆಳಗೆ "ಸ್ಟೋನ್ ಚಾರ್ಜ್" ಅಂತ ಇನ್ನೊಂದು ಸಾಲು. ಒಂದೇ ಹರಳಿಗೆ ಎರಡು ಸಲ ದುಡ್ಡು. ಇದೆಲ್ಲದರ ಮೇಲೆ 3% ಜಿಎಸ್‌ಟಿ.

ಹೊಟ್ಟೆ ಉರಿದದ್ದು ಕೌಂಟರ್‌ನಲ್ಲಿ ಬಂದ ಉತ್ತರಗಳಿಂದ. ಸೇಲ್ಸ್ ಹುಡುಗ ಚೀಟಿಯಲ್ಲಿ ಬರೆದುಕೊಟ್ಟ ಎಸ್ಟಿಮೇಟ್ ಒಂದು, ಕಂಪ್ಯೂಟರ್ ಬಿಲ್ ಇನ್ನೊಂದು. ಕೇಳಿದರೆ, "ಚೀಟಿ ಅಂದಾಜು ಮೇಡಂ, ಸಿಸ್ಟಮ್‌ನಲ್ಲಿ ಬಂದದ್ದೇ ಫೈನಲ್." ಸಿಸ್ಟಮ್‌ಗೆ 24% ಹಾಕಿದವರು ಯಾರು? "ಹೆಡ್ ಆಫೀಸ್." ವೇಸ್ಟೇಜ್ ಇಲ್ಲ ಅಂದಿದ್ದಿರಲ್ಲ? "ಅದು ಪ್ಲೇನ್ ಚೈನಿಗೆ ಮೇಡಂ, ಇದು ಆಂಟಿಕ್." ಸರಿ, ದುಡ್ಡು ವಾಪಸ್ ಕೊಡಿ. "ಸ್ಕೀಮ್‌ನಲ್ಲಿ ಕ್ಯಾಶ್ ಕೊಡಲ್ಲ, ಒಡವೆನೇ ತಗೋಬೇಕು." ಮ್ಯಾನೇಜರ್ ಬಂದವರು ಕೂತ್ಕೊಳ್ಳಿ ಅಂದರು, ಜ್ಯೂಸ್ ತರಿಸಿದರು, ಅದೇ ಉತ್ತರ ಕೊಟ್ಟರು. ಅಕ್ಕಪಕ್ಕದ ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು. ನಾಚಿಕೆ ಆಗಬೇಕಾದ್ದು ಅಂಗಡಿಗೆ, ಆದದ್ದು ನನಗೆ.

ಇದರ ಹಿಂದಿನ ಕಾರಣ ಗೊತ್ತಿರಲಿ. ಸ್ಕೀಮ್ 11 ತಿಂಗಳಿಗೆ ನಿಲ್ಲುವುದು ಸುಮ್ಮನೆ ಅಲ್ಲ. ಒಡವೆಗೆ ಅಂತ ಪಡೆದ ಮುಂಗಡಕ್ಕೆ 365 ದಿನದೊಳಗೆ ಒಡವೆ ಕೊಡದಿದ್ದರೆ ಕಂಪನಿ ಕಾನೂನಿನಲ್ಲಿ ಅದು ಠೇವಣಿ ಆಗುತ್ತದೆ, ಠೇವಣಿಯ ಕಟ್ಟುಪಾಡೆಲ್ಲ ಅಂಗಡಿಯ ತಲೆ ಮೇಲೆ ಬರುತ್ತದೆ. ಹಾಗಾಗಿ ಕೊನೆಯಲ್ಲಿ ಅವಸರ ಮಾಡಿಸುತ್ತಾರೆ. ಸ್ಕೀಮ್ ಗಿರಾಕಿ ಬೇರೆ ಅಂಗಡಿಗೆ ಹೋಗುವಂತಿಲ್ಲ, ಅದಕ್ಕೇ ಚೌಕಾಸಿಗೂ ಬಗ್ಗುವುದಿಲ್ಲ. ಕೈಯಲ್ಲಿ ಕ್ಯಾಶ್ ಇಟ್ಟುಕೊಂಡು ಬಂದವರಿಗೆ ಅದೇ ಒಡವೆಯ ವೇಸ್ಟೇಜ್ ಇಳಿಸುತ್ತಾರೆ!

ಇನ್ನೊಂದು ಮೋಸ ತೂಕದ್ದು. ಕೆಲವು ಸ್ಕೀಮ್‌ನಲ್ಲಿ ಪ್ರತಿ ಕಂತಿಗೂ ಆ ದಿನದ ರೇಟಿನಲ್ಲಿ ಗ್ರಾಂ ಜಮಾ ಆಗುತ್ತದೆ, ಕೆಲವದರಲ್ಲಿ ರೂಪಾಯಿ ಮಾತ್ರ. ಗ್ರಾಂಗೆ 8,000 ಇದ್ದಾಗ ಕಟ್ಟಿದ 5,000ಕ್ಕೆ 0.625 ಗ್ರಾಂ ಸಿಗಬೇಕು. ರೂಪಾಯಿ ಲೆಕ್ಕದ ಸ್ಕೀಮ್ ಆದರೆ, ಕೊನೆಗೆ ರೇಟು 10,000 ಆದಾಗ ಅದೇ ಕಂತಿಗೆ ಸಿಗುವುದು 0.5 ಗ್ರಾಂ. ಪಾಸ್‌ಬುಕ್‌ನಲ್ಲಿ ಗ್ರಾಂ ಕಾಲಂ ಇದೆಯಾ? ಮೊದಲು ಅದನ್ನು ನೋಡಿ.

ಸೇರುವ ಮೊದಲೇ ಕೇಳಿ: ವೇಸ್ಟೇಜ್ ಮಿತಿ ಎಷ್ಟು, ಯಾವ ಡಿಸೈನ್‌ಗೆ, ಗ್ರಾಸ್ ಮೇಲೋ ನೆಟ್ (ಹರಳು ಕಳೆದ ತೂಕ) ಮೇಲೋ. ಉತ್ತರವನ್ನು ಪಾಸ್‌ಬುಕ್‌ನಲ್ಲೇ ಬರೆಸಿ ಸೀಲ್ ಹಾಕಿಸಿ. ಬಾಯಿಮಾತು ಬೇಡವೇ ಬೇಡ. ಬಿಲ್ಲಿನಲ್ಲಿ ನೆಟ್ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆ ಇರಲೇಬೇಕು. ಒಡವೆ ಮೇಲಿನ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತಿನ ಸಂಖ್ಯೆಯಾದ ಎಚ್‌ಯುಐಡಿಯನ್ನು ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.

ಅಂಗಡಿ ನಡೆಸುವವರಿಗೂ ಒಂದು ಮಾತು. ಶೇಕಡಾವಾರು ಮಿತಿಯನ್ನು ಕೌಂಟರ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹಾಕಿ. ಎಸ್ಟಿಮೇಟನ್ನೂ ಬಿಲ್ ಬರುವ ಕಂಪ್ಯೂಟರ್‌ನಿಂದಲೇ ತೆಗೆಯಿರಿ. ಸೇಲ್ಸ್‌ನವರಿಗೆ ಎಷ್ಟು ಜನರನ್ನು ಸೇರಿಸಿದಿರಿ ಅಂತ ಮಾತ್ರ ಟಾರ್ಗೆಟ್ ಕೊಟ್ಟರೆ ಷರತ್ತು ಯಾರು ಹೇಳುತ್ತಾರೆ?

ಇಂಥದ್ದೇ ಆಗಿದ್ದರೆ ಬಿಲ್, ಪಾಸ್‌ಬುಕ್, ಆ ಎಸ್ಟಿಮೇಟ್ ಚೀಟಿ ಮೂರನ್ನೂ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ.