ಹಾಸನದ ಪ್ರವೇಶ ಮಾರ್ಗದರ್ಶನ ಕೇಂದ್ರ: ಆಯ್ಕೆ ಮಗಳದು, ಲೆಕ್ಕ ನಮ್ಮದು

ದ್ವಿತೀಯ ಪಿಯುಸಿ ಮುಗಿಸಿದ ಮಗಳ ಎಂಜಿನಿಯರಿಂಗ್ ಪ್ರವೇಶಕ್ಕಾಗಿ ಹಾಸನದ ಬಿ.ಎಂ. ರಸ್ತೆಯಲ್ಲಿರುವ ಚಿಕ್ಕ ಮಾರ್ಗದರ್ಶನ ಕೇಂದ್ರವೊಂದರ ಸೇವೆಯನ್ನು ನಾವು ಪಡೆದೆವು. ಯಾವ ಕಾಲೇಜಿನಿಂದಲೂ ಕಮಿಷನ್ ತೆಗೆದುಕೊಳ್ಳುವುದಿಲ್ಲವೆಂದು ಅವರು ಮೊದಲೇ ತಿಳಿಸಿ, ತಮ್ಮ ಶುಲ್ಕವಾದ 2,000 ರೂಪಾಯಿಗೆ ರಸೀದಿ ಕೊಟ್ಟರು. ಕಾಲೇಜಿನ ಆಡಳಿತ ಮಂಡಳಿಯೇ ತುಂಬಿಕೊಳ್ಳುವ ಮ್ಯಾನೇಜ್‌ಮೆಂಟ್ ಸೀಟಿಗೆ ಈಗಲೇ ಮುಂಗಡ ಕಟ್ಟಿರೆಂದು ಬೇರೆಡೆಯಿಂದ ಮೇಲಿಂದ ಮೇಲೆ ಫೋನ್ ಬರುತ್ತಿದ್ದ ಆ ದಿನಗಳಲ್ಲಿ ಇದು ನಮಗೆ ದೊಡ್ಡ ನೆಮ್ಮದಿ.

ಸಲಹೆಗಾರರು ಮೊದಲು ಮಾತನಾಡಿಸಿದ್ದು ಮಗಳನ್ನು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೂ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕಗಳಿಗೂ ಸಮಪಾಲು ಕೊಟ್ಟು ರ‍್ಯಾಂಕ್ ನಿರ್ಧರಿಸುವ ಕ್ರಮವನ್ನು ವಿವರಿಸಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿರುವ ಹಿಂದಿನ ವರ್ಷಗಳ ಕಟ್‌ಆಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಪಟ್ಟಿಗಳನ್ನು ಅವಳೇ ತೆರೆದು ಓದುವಂತೆ ಮಾಡಿದರು. ಸಿಗಲಾರದೆಂಬ ಭಯದಿಂದ ಇಷ್ಟದ ಕಾಲೇಜನ್ನು ಆಪ್ಷನ್ ಪಟ್ಟಿಯಲ್ಲಿ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುವ ಪಟ್ಟಿಯಲ್ಲಿ, ಕೆಳಗೆ ತಳ್ಳಬಾರದು, ಮೇಲಿನದು ಸಿಗದಿದ್ದರೆ ರ‍್ಯಾಂಕಿಗೆ ನಿಲುಕುವ ಮುಂದಿನ ಆಯ್ಕೆಯನ್ನೇ ಪರಿಗಣಿಸುತ್ತಾರೆ ಎಂಬ ಮಾತು ಅವಳಲ್ಲಿ ತುಂಬಿದ ಧೈರ್ಯವನ್ನು ನಾನು ಕಣ್ಣಾರೆ ಕಂಡೆ. ಆಪ್ಷನ್ ದಾಖಲಿಸುವ ಅವಳ ಖಾತೆಯ ಪಾಸ್‌ವರ್ಡನ್ನು ಅವರು ಕೇಳಲಿಲ್ಲ. ತಮಗೂ ಹೇಳಬಾರದೆಂದು ಅವಳಿಗೆ ಎಚ್ಚರಿಸಿದರು. ಮಗುವಿನ ಆಯ್ಕೆಗೆ ಇಷ್ಟು ಗೌರವ ಕೊಡುವವರು ವಿರಳ.

ಖರ್ಚಿನ ವಿಷಯದಲ್ಲಿ ಅವರ ಕೆಲಸ ಇನ್ನೂ ಅಚ್ಚುಕಟ್ಟು. ಬೋಧನಾ ಶುಲ್ಕವೊಂದನ್ನೇ ನೋಡದೆ ಹಾಸ್ಟೆಲ್ ಅಥವಾ ಪಿಜಿ ಬಾಡಿಗೆ, ಊಟ, ಬಸ್ಸು, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕಗಳನ್ನೆಲ್ಲ ಸೇರಿಸಿ ನಾಲ್ಕು ವರ್ಷಗಳ ಒಟ್ಟು ಮೊತ್ತವನ್ನು ಪ್ರತಿ ಕಾಲೇಜಿಗೂ ಬರೆಸಿದರು. 1960ರಲ್ಲಿ ಆರಂಭವಾದ ನಮ್ಮೂರಿನ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿಯೇ ಸರ್ಕಾರದ ಅನುದಾನಿತ ವಿಭಾಗಕ್ಕೂ ಅನುದಾನರಹಿತ ವಿಭಾಗಕ್ಕೂ ಶುಲ್ಕ ಬೇರೆಯೆಂಬುದನ್ನು ನಾವು ತಿಳಿದದ್ದು ಆಗಲೇ. ಮನೆಯಿಂದ ಓಡಾಡಿ ಓದುವುದಕ್ಕೂ ಬೆಂಗಳೂರಿನಲ್ಲಿ ಉಳಿದು ಓದುವುದಕ್ಕೂ ಇರುವ ಅಂತರವನ್ನು ಅಂಕಿಗಳಲ್ಲಿ ಕಂಡ ಮೇಲೆ, ಮನೆಯಲ್ಲಿ ತಿಂಗಳುಗಳಿಂದ ನಡೆಯುತ್ತಿದ್ದ ವಾದ ತಣ್ಣಗಾಯಿತು.

ಆದರೆ ಬ್ಯಾಂಕ್ ಸಾಲದ ಬಗೆಗಿನ ಅವರ ಸಲಹೆ ಅಪೂರ್ಣವಾಗಿತ್ತು. ಕೋರ್ಸ್ ಮುಗಿದ ಒಂದು ವರ್ಷದ ಬಳಿಕ ಮರುಪಾವತಿ ಆರಂಭವಾಗುತ್ತದೆಂದು ಹೇಳಿದರೇ ಹೊರತು, ಆ ಅವಧಿಯಲ್ಲಿಯೂ ಬಡ್ಡಿ ಸೇರುತ್ತಾ ಹೋಗುತ್ತದೆಂಬುದನ್ನು ನಾವಾಗಿ ಕೇಳಿದ ಮೇಲಷ್ಟೇ ತಿಳಿಸಿದರು. ಸಾಲ ಮಾಡಿ ಓದಿಸುವ ಕುಟುಂಬಗಳಿಗೆ ಇದು ಮೊದಲ ದಿನವೇ ಗೊತ್ತಾಗಬೇಕಾದ ಸಂಗತಿ.

ಫಲಿತಾಂಶದ ವಾರದಲ್ಲಿ ಅಲ್ಲಿ ಕೂರಲೂ ಜಾಗವಿರುವುದಿಲ್ಲವಾದ್ದರಿಂದ ಅದಕ್ಕೂ ಮೊದಲೇ ಹೋಗುವುದು ಒಳ್ಳೆಯದು. ಹಳ್ಳಿಯ ಶಾಲೆಗಳಲ್ಲಿ 1ರಿಂದ 10ನೇ ತರಗತಿಯವರೆಗೆ ಓದಿದ ಮಕ್ಕಳಿದ್ದರೆ ಗ್ರಾಮೀಣ ಮೀಸಲಾತಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರವನ್ನೂ, ಜೊತೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನೂ ಮೊದಲ ಭೇಟಿಗೇ ಒಯ್ಯಿರಿ. ಅವುಗಳಲ್ಲಿನ ಹೆಸರಿನ ಅಕ್ಷರಗಳು ಹತ್ತನೇ ತರಗತಿಯ ಅಂಕಪಟ್ಟಿಯೊಂದಿಗೆ ತಾಳೆಯಾಗುತ್ತವೆಯೇ ಎಂದು ಅವರು ಅಲ್ಲಿಯೇ ಪರಿಶೀಲಿಸಿ ಹೇಳುತ್ತಾರೆ.