ನಂದಿ ಹಾಲ್ಟ್‌ಗೆ ರೈಲಿನಲ್ಲಿ ಹೋಗಿ ಬಂದೆವು: ಬೆಟ್ಟಕ್ಕಿಂತ ಸ್ಟೇಷನ್ನೇ ಇಷ್ಟವಾಯಿತು

ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಜಾವ ನಂದಿ ಬೆಟ್ಟದ ಮೇಲೆ ನಿಂತು ಮಂಜಿನಲ್ಲಿ ಫೋಟೊ ತೆಗೆಸಿಕೊಳ್ಳಬೇಕು ಅನ್ನುವವರಿಗೆ ಈ ರೈಲು ಅಲ್ಲ. ಅವರು ಕಾರೋ ಬೈಕೋ ತೆಗೆದುಕೊಂಡು ಹೋಗಲಿ. ರೈಲಿನಲ್ಲಿ ಸುಮ್ನೆ ಕೂತು ಕಿಟಕಿ ನೋಡುವುದೇ ಖುಷಿ ಅನ್ನುವವರು ಮುಂದೆ ಓದಿ.

ಯಲಹಂಕದಲ್ಲಿ ಚಿಕ್ಕಬಳ್ಳಾಪುರದ ಮೆಮು, ಅಂದರೆ ಕರೆಂಟಿನ ಲೋಕಲ್ ರೈಲು ಹತ್ತಿದೆವು. ನಾನು, ಅಮ್ಮ, ಅಕ್ಕನ ಮಗ. ಟಿಕೆಟ್ ಒಂದು ಮಸಾಲೆ ದೋಸೆಗಿಂತ ಅಗ್ಗ. ರಿಸರ್ವೇಶನ್ ಗಿಸರ್ವೇಶನ್ ಏನೂ ಇಲ್ಲ, ಸೀಟು ಸಿಕ್ಕಲ್ಲಿ ಕೂರುವುದು. ನಮ್ಮ ಎದುರು ಒಬ್ಬ ಹೆಂಗಸು ಹೂವು ಮಾರಿ ಖಾಲಿಯಾದ ಮಂಕರಿ ಕಾಲ ಹತ್ತಿರ ಇಟ್ಟುಕೊಂಡು, ಅದಕ್ಕೆ ಅಂಟಿದ್ದ ಸೇವಂತಿಗೆ ಎಸಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿದ್ದರು. ಅವರ ಪಕ್ಕದಲ್ಲೇ ಚಕ್ರದ ಸೂಟ್‌ಕೇಸ್ ಹಿಡಿದ ಹುಡುಗ. ಬೆಟ್ಟಹಲಸೂರು, ದೊಡ್ಡಜಾಲ ಆದ ಮೇಲೆ ವಿಮಾನ ನಿಲ್ದಾಣದ ಹಾಲ್ಟ್ ಬರುತ್ತದೆ, 2021ರ ಜನವರಿಯಲ್ಲಿ ಶುರುವಾಗಿದ್ದು. ಹುಡುಗ ಅಲ್ಲಿ ಇಳಿದ. ಆಮೇಲೆ ಬೋಗಿ ತೆರವಾಯಿತು, ಮಾತು ಜಾಸ್ತಿಯಾಯಿತು, ಅರ್ಧ ಕನ್ನಡ ಅರ್ಧ ತೆಲುಗು. ದೇವನಹಳ್ಳಿ ದಾಟಿದರೆ ಅವತಿ, ವೆಂಕಟಗಿರಿಕೋಟೆ, ದ್ರಾಕ್ಷಿ ಚಪ್ಪರಗಳು.

ಈ ದಾರಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ನಮ್ಮಜ್ಜಿಯನ್ನು ಕೊಟ್ಟಿದ್ದು ಚಿಂತಾಮಣಿಗೆ, ಅವರ ತವರು ಕೋಲಾರ. ಹೋಗಿಬರುವುದೆಲ್ಲ ಸಣ್ಣ ರೈಲಿನಲ್ಲೇ. ಇಂಜಿನ್ ಕಲ್ಲಿದ್ದಲಿನ ಮಸಿ ಬಂದು ಕೂರುತ್ತದೆ ಅಂತ ಹಳೇ ಸೀರೆ ಉಟ್ಟುಕೊಂಡು ಹತ್ತುತ್ತಿದ್ದರಂತೆ, ಒಳ್ಳೇದು ಚೀಲದಲ್ಲಿ. ತವರಿನ ಬಾಗಿಲಿಗೆ ಹೋಗುವ ಮೊದಲು ಗುರುತಿನವರ ಮನೆಯಲ್ಲಿ ಸೀರೆ ಬದಲಾಯಿಸಿಕೊಳ್ಳುವುದು. ಅಮ್ಮ ಇದನ್ನು ಆ ಹೂವಿನವರಿಗೆ ಹೇಳಿದರೆ, ಅವರು 'ನಮ್ಮತ್ತೇನೂ ಹಂಗೇ' ಅಂದರು.

ಸಣ್ಣ ರೈಲು ಅನ್ನುವುದು ಸುಮ್ನೆ ಬಂದ ಹೆಸರಲ್ಲ. ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಈಗಿನ ಅಗಲ ಹಳಿ, ಅಂದರೆ ಬ್ರಾಡ್ ಗೇಜ್, 1676. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂತು, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ, ಅವರ ಹುಟ್ಟೂರು ಮುದ್ದೇನಹಳ್ಳಿಯೂ ಇಲ್ಲೇ ಪಕ್ಕದಲ್ಲಿ. ಕೋಲಾರದ ಕಡೆಯ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಸುತ್ತಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದು ಸೇರಿತು. ಒಂದು ಊರಲ್ಲಿ ಮಾವು, ಇನ್ನೊಂದರಲ್ಲಿ ರೇಷ್ಮೆ ಗೂಡು. ಸಣ್ಣ ಹಳಿ ಹಾಕಿದ್ದು ಖರ್ಚು ಉಳಿಸೋಕೆ. ಕಂಬಿ ತೆಳು, ಸೇತುವೆ ಚಿಕ್ಕದು, ತಿರುವು ಬೇಕಾದ ಹಾಗೆ. ಆದರೆ ಉಳಿಸಿದ್ದೆಲ್ಲ ಇನ್ನೊಂದು ಕಡೆ ಹೋಯಿತು. ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್, ಮೈಸೂರಿನ ಕಡೆ ಒಂದು ಮೀಟರ್ ಅಗಲದ ಮೀಟರ್ ಗೇಜ್, ನಡುವೆ ಇದೊಂದು. ವ್ಯಾಗನ್ ನೇರವಾಗಿ ಮುಂದೆ ಹೋಗೋ ಹಾಗಿಲ್ಲ, ಮೂಟೆ ಇಳಿಸಿ ಮತ್ತೆ ಏರಿಸಬೇಕು, ಅದಕ್ಕೆ ಹಮಾಲಿ ಬೇರೆ. ಲಾರಿಯಾದರೆ ತೋಟದ ಬಾಗಿಲಿಗೇ ಬರುತ್ತದೆ. ಯಾರು ಗೆದ್ದರು ಅಂತ ಹೇಳಬೇಕಾ? ಯಲಹಂಕದ ಕಡೆ 1990ರ ದಶಕದಲ್ಲೇ ಹಳಿ ಅಗಲವಾಯಿತು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಆ ಕೆಲಸ ಮುಗಿದಿದ್ದು 2013ಕ್ಕೆ. ಅಷ್ಟರಲ್ಲಿ ಒಂದು ತಲೆಮಾರು ಬಸ್ಸಿಗೆ ಹೊಂದಿಕೊಂಡಾಗಿತ್ತು.

ಈಗ ಸ್ಟೇಷನ್ ವಿಷಯ. ನಂದಿ ಹಾಲ್ಟ್ ಕಟ್ಟಡ ಆ ಸಣ್ಣ ರೈಲಿನ ಕಾಲದ್ದೇ. ಕಲ್ಲಿನ ಗೋಡೆ, ಮೇಲೆ ಹೆಂಚು, ಸುತ್ತ ದೊಡ್ಡ ಮರಗಳು, ಹಿಂದೆ ಬೆಟ್ಟ. ಪಾಳು ಬಿದ್ದಿದ್ದನ್ನು ಹಳೇ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರು ರೈಲ್ವೆ ಜೊತೆ ಸೇರಿ ರಿಪೇರಿ ಮಾಡಿದ್ದಾರೆ, ಕೆಲಸ ಅಚ್ಚುಕಟ್ಟಾಗಿದೆ. ಹೊಸದರ ಹಾಗೆ ಕಾಣಬೇಕು ಅಂತ ಕಲ್ಲಿನ ಮೇಲೆ ಆಯಿಲ್ ಪೇಂಟ್ ಬಳಿದಿಲ್ಲ, ಅದಕ್ಕೇ ಒಂದು ಸ್ಟಾರ್ ಜಾಸ್ತಿ. ಬಿಸಿಲಲ್ಲಿ ಬಂದು ಗೋಡೆಗೆ ಬೆನ್ನು ಕೊಟ್ಟರೆ ತಣ್ಣಗಿರುತ್ತದೆ. ಅಕ್ಕನ ಮಗ ಕಲ್ಲಿನ ಮೇಲಿದ್ದ ಉಳಿಯ ಗುರುತಿನಲ್ಲಿ ಬೆರಳು ಆಡಿಸುತ್ತಾ ಹತ್ತು ನಿಮಿಷ ಫೋನ್ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ದಾಖಲೆ.

ಹೊರಗೆ ಒಬ್ಬ ಆಟೊದವರು ಬೆಟ್ಟಕ್ಕೆ ಹೋಗಿ ಬರೋಕೆ ಆರುನೂರು ಅಂದರು. ನಾವು ಬೆಟ್ಟದ ಆಸೆ ಬಿಟ್ಟು ಭೋಗನಂದೀಶ್ವರನ ಗುಡಿಗೆ ನಡೆದೇ ಹೋದೆವು. ದೂರವೇನಿಲ್ಲ, ಅಮ್ಮನ ಮಂಡಿನೋವಿನ ಜೊತೆಗೂ ಆಯಿತು. ಗುಡಿ, ಕಲ್ಯಾಣಿ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯಲ್ಲ.

ಒಂದೇ ಎಚ್ಚರಿಕೆ. ಇದು ಒಂಟಿ ಹಳಿಯ ದಾರಿ, ರೈಲುಗಳು ಕಡಿಮೆ. ವಾಪಸ್ ಬರುವ ರೈಲಿನ ಹೊತ್ತು ನೋಡಿಟ್ಟುಕೊಂಡೇ ಹೊರಡಿ. ನಾನು ನೋಡಿದ್ದು ಬೇರೆ ದಿನದ ವೇಳಾಪಟ್ಟಿ, ತಪ್ಪು ಪೂರ್ತಿ ನನ್ನದೇ. ಕಲ್ಯಾಣಿ ಮೆಟ್ಟಿಲ ಮೇಲೆ ಆರಾಮಾಗಿ ಕಡ್ಲೆಕಾಯಿ ತಿನ್ನುತ್ತಾ ಕೂತಿದ್ದಾಗ ದೂರದಲ್ಲಿ ಹಾರ್ನ್ ಕೇಳಿಸಿತು. 'ನಮ್ಮದಲ್ಲ ಅಲ್ವಾ?' ಅಂದರು ಅಮ್ಮ. ನಮ್ಮದೇ. ಬಸ್ಸಿನಲ್ಲಿ ನಿಂತುಕೊಂಡು ಬಂದೆವು. ತಿಂಡಿ, ನೀರು ಮನೆಯಿಂದಲೇ ಕಟ್ಟಿಕೊಂಡು ಹೋಗಿ.

ಐದಕ್ಕೆ ನಾಲ್ಕು ಸ್ಟಾರ್. ಮಾವಿನ ಕಾಲಕ್ಕೆ ಬಂಗಾರಪೇಟೆವರೆಗೂ ಹೋಗಬೇಕು ಅಂತ ಅಮ್ಮ ಈಗಲೇ ಹಟ ಹಿಡಿದಿದ್ದಾರೆ. ಶ್ರೀನಿವಾಸಪುರದಲ್ಲಿ ಇಳಿದರೆ ಎರಡು ಬುಟ್ಟಿ ಹಣ್ಣು ಇಲ್ಲದೆ ಅವರು ವಾಪಸ್ ಹತ್ತುವುದಿಲ್ಲ, ಹೊರುವವನು ನಾನೇ.